ಅಳೆದವರು, ಹೂಳಿದವರು

ನಮ್ಮ ತಾತ ಊರಿನ ಸತ್ತವರಿಗೆಲ್ಲ ಗುಂಡಿ ತೋಡುತ್ತಿದ್ದ. ಮೇಲಿನವರ ಮಸಣ ಬೇರೆ, ನಮ್ಮ ಕೇರಿಯ ಮಸಣ ಬೇರೆ. ಗುದ್ದಲಿ ಮಾತ್ರ ಒಂದೇ. ನಾವು ಹುಡುಗರಾಗಿದ್ದಾಗ ಮಂಕರಿಯಲ್ಲಿ ಮಣ್ಣು ಹೊರೋಕೆ ಹೋಗ್ತಿದ್ವಿ. ಕೇರಿಗೆ ಬಿಟ್ಟಿದ್ದ ಜಾಗ ಎಷ್ಟು ಚಿಕ್ಕದೆಂದರೆ, ಎಲ್ಲಿ ತೋಡಿದರೂ ಹಳೇ ಮೂಳೆ ಸಿಗೋದು. ಮೂಳೆ ಕಂಡ ಕೂಡಲೆ ತಾತ ಗುದ್ದಲಿ ನಿಲ್ಲಿಸಿ ತಲೆಗೆ ಸುತ್ತಿದ್ದ ಟವೆಲು ಬಿಚ್ಚುತ್ತಿದ್ದ.

"ಯಾರ್ದು ತಾತ ಇದು?"

"ನಮ್ಗಿಂತ ಮುಂಚೆ ಬಂದೋರ್ದು ಕಣ್ಲಾ. ಒಸಿ ಜರುಗಿ, ಇನ್ನೊಬ್ಬ ಬತ್ತಾವ್ನೆ ಅಂತ ಹೇಳು."

ಆ ಮೂಳೆಯನ್ನು ಗುಂಡಿಯ ಮೂಲೆಗೆ ಸರಿಸಿ, ಮೊದಲು ಅದಕ್ಕೆ ಒಂದು ಹಿಡಿ ಮಣ್ಣು. ಆಮೇಲೆ ಹೊಸ ಹೆಣಕ್ಕೆ ಜಾಗ. ಇದು ತಾತನ ಶಾಸ್ತ್ರ. ಯಾವ ಪುರೋಹಿತನೂ ಹೇಳಿಕೊಟ್ಟದ್ದಲ್ಲ.

ತಾತ ಈಗಿಲ್ಲ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವರು ನಾವು. ಶಾಲೆಯಲ್ಲಿ "ಅಮೆರಿಕವನ್ನು ಕಂಡುಹಿಡಿದವರು ಯಾರು?" ಎಂಬ ಪ್ರಶ್ನೆಗೆ "ಕೊಲಂಬಸ್" ಅಂತ ಬರೆದು ಒಂದು ಮಾರ್ಕು ತಗೊಂಡವರು. 1492ರಲ್ಲಿ ಅವನು ದಡ ಹತ್ತಿದಾಗ ಅಲ್ಲಿ ಜನ ಇದ್ದರಲ್ಲ, ಹಾಗಾದರೆ ಅವರು ಕಂಡುಹಿಡಿದದ್ದು ಏನು ಎಂದು ಕೇಳಲು ಆಗ ಬಾಯಿ ಇರಲಿಲ್ಲ. ಇಂಡಿಯಾ ಹುಡುಕಿ ಹೊರಟವನು ದಾರಿ ತಪ್ಪಿ ಅಲ್ಲಿನ ಜನರನ್ನು 'ಇಂಡಿಯನ್ನರು' ಅಂತ ಕರೆದ. ನಮ್ಮ ದೇಶದ ಹೆಸರು ಅವರ ಕೊರಳಿಗೆ ಬಿತ್ತು. ಮುಂದೆ ಕಾಲೇಜಿನ ಲೈಬ್ರರಿಯಲ್ಲಿ ಅವರ ಸತ್ತವನೊಬ್ಬನ ಕಥೆ ಓದಿದಾಗ ನಮಗೆ ತಾತನ ಗುದ್ದಲಿ ನೆನಪಾಯಿತು. ಆ ಕಥೆಯನ್ನು ಗೆಳೆಯರ ಮುಂದೆ ಇಡುತ್ತಿದ್ದೇವೆ.

*

1996ರ ಜುಲೈ 28. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆನೆವಿಕ್ ಊರು. ಕೊಲಂಬಿಯಾ ನದಿಯ ಮೇಲೆ ಮೋಟಾರು ದೋಣಿಗಳ ಪಂದ್ಯ. ನೋಡಲು ಬಂದಿದ್ದ ಇಬ್ಬರು ಕಾಲೇಜು ಹುಡುಗರಿಗೆ ದಡದ ನೀರಿನಲ್ಲಿ ಒಂದು ತಲೆಬುರುಡೆ ಸಿಕ್ಕಿತು. ಪೊಲೀಸರು ಬಂದರು. ಜೇಮ್ಸ್ ಚಾಟರ್ಸ್ ಎಂಬ ಪುರಾತತ್ವಜ್ಞರನ್ನು ಕರೆಸಿದರು. ಹುಡುಕುತ್ತ ಹೋದಂತೆ ಹೆಚ್ಚುಕಮ್ಮಿ ಒಬ್ಬ ಪೂರ್ತಿ ಮನುಷ್ಯನ ಮೂಳೆಗಳು, ಸುಮಾರು 300 ಚೂರುಗಳಾಗಿ, ದೊರೆತವು. ಸೊಂಟದ ಮೂಳೆಯಲ್ಲಿ ಕಲ್ಲಿನ ಭರ್ಜಿಮೊನೆಯೊಂದು ನಾಟಿಕೊಂಡಿತ್ತು. ಇಂಗಾಲದ ಪರೀಕ್ಷೆ ಮಾಡಿಸಿದರೆ, ಆತ ಬದುಕಿದ್ದು ಸುಮಾರು 9,000 ವರ್ಷದ ಹಿಂದೆ!

ಮೂಳೆ ಬಹಳ ಮಾತಾಡುತ್ತದೆ ಗೆಳೆಯರೇ, ಕೇಳುವ ಕಿವಿ ಇರಬೇಕು ಅಷ್ಟೇ. ಆತನಿಗೆ ನಲವತ್ತರ ಆಸುಪಾಸು ವಯಸ್ಸು. ಭರ್ಜಿ ಹೊಕ್ಕಿದ್ದು ಎಳೆತನದಲ್ಲೋ ಹರೆಯದಲ್ಲೋ, ಆದರೆ ಅದರಿಂದ ಸಾಯಲಿಲ್ಲ. ಮೊನೆಯ ಸುತ್ತ ಮೂಳೆ ಬೆಳೆದು ಅದನ್ನು ಒಳಗೇ ನುಂಗಿಕೊಂಡಿತ್ತು. ಪಕ್ಕೆಲುಬು ಮುರಿದಿದ್ದವು. ಆ ನೋವು ಹೊತ್ತುಕೊಂಡೇ ಬೇಟೆಯಾಡಿದ್ದ. ಮೂಳೆಯೊಳಗಿನ ರಸಾಯನ ಪರೀಕ್ಷಿಸಿದರೆ ಅವನ ಊಟದಲ್ಲಿ ನೀರಿನ ಜೀವಿಗಳೇ ಹೆಚ್ಚು ಎಂದು ತಿಳಿಯಿತು. ಸತ್ತಾಗ ಅವನನ್ನು ಯಾರೋ ಅಂಗಾತ ಮಲಗಿಸಿ ಹೂಳಿದ್ದರು. ಗುಂಡಿ ತೋಡಿದವರು ಅಲ್ಲೂ ಇದ್ದರು.

ಇಷ್ಟಕ್ಕೆ ನಿಂತಿದ್ದರೆ ಅದು ವಿಜ್ಞಾನ. ನಿಲ್ಲಲಿಲ್ಲ. ಬುರುಡೆ ಉದ್ದ, ಮುಖ ಕಿರಿದು, ಈಗಿನ ಮೂಲನಿವಾಸಿಗಳ ಹಾಗಿಲ್ಲ ಅಂದರು. ಮೊದಲ ನೋಟಕ್ಕೆ ಚಾಟರ್ಸ್ ಅದನ್ನು ಯುರೋಪಿನಿಂದ ಬಂದ ವಲಸಿಗನೊಬ್ಬನ ಮೂಳೆ ಎಂದೇ ತಿಳಿದಿದ್ದರು. ಕಾಲ ಗೊತ್ತಾದ ಮೇಲೂ ಬುರುಡೆಯ ಲಕ್ಷಣಕ್ಕೆ 'ಕಾಕಸಾಯ್ಡ್' ಎಂಬ ಪದ ಅಂಟಿತು. ಜೇಡಿಮಣ್ಣಿನಲ್ಲಿ ಒಂದು ಮುಖ ಮಾಡಿದರು. ಅದು ಪ್ಯಾಟ್ರಿಕ್ ಸ್ಟೀವರ್ಟ್ ಎಂಬ ಇಂಗ್ಲಿಷ್ ನಟನ ಹಾಗೆ ಕಂಡಿತು. ಪತ್ರಿಕೆಗಳಿಗೆ ಇನ್ನೇನು ಬೇಕು? ಅಮೆರಿಕಕ್ಕೆ ಮೊದಲು ಬಂದವರು ಬಿಳಿಯರೇ ಇರಬಹುದೇ ಎಂಬ ಗುಲ್ಲು ಎದ್ದಿತು. ಯುರೋಪಿನ ಹಳೇ ದೇವರುಗಳನ್ನು ಪೂಜಿಸುವ ಕ್ಯಾಲಿಫೋರ್ನಿಯಾದ ಸಂಘವೊಂದು, ಆತ ನಮ್ಮ ಪೂರ್ವಿಕ, ನಮಗೆ ಕೊಡಿ ಎಂದು ಕೋರ್ಟಿಗೂ ಹೋಯಿತು.

ಒಂದು ಬುರುಡೆಯ ಉದ್ದಗಲದ ಮೇಲೆ ಇಷ್ಟು ದೊಡ್ಡ ಮಾತು ಯಾಕೆ? ಉತ್ತರ ಬುರುಡೆಯಲ್ಲಿಲ್ಲ, ನೆಲದಲ್ಲಿದೆ. 'ನಾವು ಅವರ ನೆಲ ಕಿತ್ತುಕೊಂಡೆವು' ಎಂಬುದಕ್ಕಿಂತ 'ಅವರೂ ಬೇರೆಯವರ ನೆಲ ಕಿತ್ತುಕೊಂಡವರೇ' ಎಂಬುದು ಕಿತ್ತುಕೊಂಡವನ ಕಿವಿಗೆ ಹಿತ. ಈ ಮಾತು 1996ರಲ್ಲಿ ಹುಟ್ಟಿದ್ದೂ ಅಲ್ಲ. ಮಿಸಿಸಿಪ್ಪಿ, ಓಹಾಯೋ ನದಿಗಳ ಬಯಲಿನಲ್ಲಿ ದೊಡ್ಡ ದೊಡ್ಡ ಮಣ್ಣಿನ ದಿಬ್ಬಗಳಿವೆ. ಮೂಲನಿವಾಸಿಗಳ ಹಿರಿಯರು ಕಟ್ಟಿದ್ದು. ಬಿಳಿಯರು ಅದನ್ನು ಒಪ್ಪಲಿಲ್ಲ. ಇಂಥದ್ದನ್ನು ಕಟ್ಟಿದವರು ಯಾವುದೋ ಅಳಿದುಹೋದ ದೊಡ್ಡ ಜನಾಂಗ, ಈ 'ಕಾಡುಜನ' ಅವರನ್ನು ಮುಗಿಸಿದರು ಎಂದು ಕಥೆ ಕಟ್ಟಿದರು. 1830ರಲ್ಲಿ ಮೂಲನಿವಾಸಿಗಳನ್ನು ಅವರ ನೆಲದಿಂದ ಪಶ್ಚಿಮಕ್ಕೆ ಅಟ್ಟುವ ಕಾನೂನು ಬಂತು. ಅದೇ ವರ್ಷದ ಕೊನೆಗೆ ಅಧ್ಯಕ್ಷ ಆಂಡ್ರೂ ಜಾಕ್ಸನ್ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಇದೇ ಕಥೆ ಹೇಳಿ ಆ ಕಾನೂನಿನ ಕೈಗೆ ನೀತಿಯ ಬಟ್ಟೆ ತೊಡಿಸಿದ. ಸೈರಸ್ ಥಾಮಸ್ ಎಂಬ ವಿದ್ವಾಂಸರು ಅಗೆದು ನೋಡಿ, ದಿಬ್ಬ ಕಟ್ಟಿದವರು ಮೂಲನಿವಾಸಿಗಳ ಹಿರಿಯರೇ ಎಂದು ವರದಿ ಬರೆಯುವ ಹೊತ್ತಿಗೆ 1894. ಅಷ್ಟರಲ್ಲಿ ನೆಲ ಹೋಗಿತ್ತು.

1839ರಲ್ಲಿ ಫಿಲಡೆಲ್ಫಿಯಾದ ವೈದ್ಯ ಸ್ಯಾಮುಯೆಲ್ ಮಾರ್ಟನ್ ಬುರುಡೆಗಳ ಒಳಗೆ ಕಾಳು ತುಂಬಿ ಅಳೆದು, ಯಾವ ಜನಾಂಗದ ಮಿದುಳು ಎಷ್ಟು ಎಂದು ಪುಸ್ತಕ ಬರೆದ. ಅವನ ಲೆಕ್ಕದಲ್ಲಿ ಬಿಳಿಯರು ಎಲ್ಲರಿಗಿಂತ ಮೇಲೆ. ಆಮೇಲೆ ಅಮೆರಿಕದ ಸೈನ್ಯದ ವೈದ್ಯರೇ ಮೂಲನಿವಾಸಿಗಳ ಬುರುಡೆಗಳನ್ನು ಸಂಗ್ರಹಿಸಿ ಸೈನ್ಯದ ಮ್ಯೂಸಿಯಮ್ಮಿಗೆ ಕಳಿಸಿದರು. ಯುದ್ಧಭೂಮಿಯಿಂದ ತಂದರು, ಗೋರಿಯಿಂದಲೂ ತಂದರು. ಅಲ್ಲಿ ಅವು ಮನುಷ್ಯರಲ್ಲ, ನಂಬರು.

*

ಈ ನಂಬರಿನ ವಿರುದ್ಧ ಎದ್ದ ಒಬ್ಬ ಹೆಣ್ಣುಮಗಳ ಹೆಸರನ್ನು ನಾವು ತಿಳಿದಿರಬೇಕು. ಮರಿಯಾ ಪಿಯರ್‌ಸನ್. ಯಾಂಕ್ಟನ್ ಸೂ ಬುಡಕಟ್ಟಿನವರು. 1971ರಲ್ಲಿ ಅಯೋವಾ ರಾಜ್ಯದ ಗ್ಲೆನ್‌ವುಡ್ ಬಳಿ ರಸ್ತೆ ಮಾಡುವಾಗ ಒಂದು ಹಳೇ ಸಮಾಧಿ ನೆಲ ಸಿಕ್ಕಿತು. 26 ಬಿಳಿಯರ ಮೂಳೆಗಳು, ಒಬ್ಬ ಮೂಲನಿವಾಸಿ ಹೆಂಗಸಿನ ಮತ್ತು ಅವಳ ಕೂಸಿನ ಮೂಳೆಗಳು. ಬಿಳಿಯರ 26 ಜನಕ್ಕೂ ಪೆಟ್ಟಿಗೆ ಮಾಡಿಸಿ ಮತ್ತೆ ಗೌರವದಿಂದ ಹೂಳಿದರು. ತಾಯಿ-ಕೂಸನ್ನು ಪರೀಕ್ಷೆ ಮಾಡಲು ಪ್ರಯೋಗಾಲಯಕ್ಕೆ ಕಳಿಸಿದರು.

ಗೆಳೆಯರೇ, ಈ ಸಾಲನ್ನು ಓದಿ ನಾವು ಪುಸ್ತಕ ಮುಚ್ಚಿದೆವು. ಒಂದೇ ನೆಲದಲ್ಲಿ ಎರಡು ಥರದ ಸತ್ತವರು. ಇದನ್ನು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಮರಿಯಾ ಗಂಡ ರಸ್ತೆ ಇಲಾಖೆಯಲ್ಲಿ ಕೆಲಸಕ್ಕಿದ್ದರು. ಅವರಿಂದ ವಿಷಯ ತಿಳಿದ ಆಕೆ ತಮ್ಮ ಜನದ ಉಡುಪು ತೊಟ್ಟು ನೇರ ರಾಜ್ಯಪಾಲರ ಕಚೇರಿಗೆ ಹೋಗಿ, ನಮ್ಮವರ ಮೂಳೆ ನಮಗೆ ಕೊಡಿ, ಇನ್ನು ಅಗೆಯೋದು ನಿಲ್ಲಿಸಿ ಎಂದರು. 1976ರಲ್ಲಿ ಅಯೋವಾದಲ್ಲಿ ಸಮಾಧಿ ರಕ್ಷಣೆಯ ಕಾನೂನು ಬಂತು. ಅಂಥ ಹೋರಾಟಗಳು ಬೆಳೆದು 1990ರಲ್ಲಿ ಇಡೀ ದೇಶಕ್ಕೆ ಕಾನೂನಾಯಿತು: ಮೂಲನಿವಾಸಿಗಳ ಮೂಳೆಗಳನ್ನು, ಸಮಾಧಿಯ ವಸ್ತುಗಳನ್ನು ಅವರವರ ಬುಡಕಟ್ಟಿಗೆ ಹಿಂದಿರುಗಿಸಬೇಕು. ಆದರೆ ಒಂದು ಷರತ್ತು. ಇದು ನಮ್ಮವರದೇ ಅಂತ ಸಂಬಂಧ ತೋರಿಸಬೇಕು.

9,000 ವರ್ಷದ ಹಿಂದಿನ ಸಂಬಂಧಕ್ಕೆ ಯಾವ ಪಹಣಿ ತರೋದು?

ಕೆನೆವಿಕ್ ಸುತ್ತಿನ ಐದು ಬುಡಕಟ್ಟುಗಳು, ಅಂದರೆ ಉಮಟಿಲ್ಲಾ, ಯಾಕಮಾ, ನೆಜ್ ಪರ್ಸ್, ಕೋಲ್ವಿಲ್, ವನಪಮ್ ಜನರು, ಆತ ನಮ್ಮ ಹಿರಿಯ, ಮಣ್ಣಿಗೆ ಸೇರಿಸುತ್ತೇವೆ ಎಂದರು. ಅವರು ಅವನನ್ನು 'ಪುರಾತನ' ಅಂತ ಕರೆದರು. ನಮ್ಮ ಅಜ್ಜಿಯರ ಕಥೆಗಳು ಹತ್ತು ಸಾವಿರ ವರ್ಷ ಹಿಂದಕ್ಕೆ ಹೋಗುತ್ತವೆ, ಅದಕ್ಕಿಂತ ಪುರಾವೆ ಬೇಕೇ ಎಂಬುದು ಅವರ ವಾದ. ಎಂಟು ವಿಜ್ಞಾನಿಗಳು ಮೊಕದ್ದಮೆ ಹೂಡಿದರು. 2000ದಲ್ಲಿ ಸರ್ಕಾರ ಬುಡಕಟ್ಟುಗಳ ಪರ ನಿಂತರೂ 2004ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಜ್ಞಾನಿಗಳ ಪರ ತೀರ್ಪು ಕೊಟ್ಟಿತು. ಈ ಮೂಳೆಗೂ ಈ ಜನಕ್ಕೂ ಸಂಬಂಧ ಸಾಬೀತಾಗಿಲ್ಲ! 2014ರಲ್ಲಿ ಒಂದು ದಪ್ಪನೆ ಪುಸ್ತಕ ಬಂತು. ಬುರುಡೆಯ ಅಳತೆಯ ಪ್ರಕಾರ ಆತ ಪಾಲಿನೇಷಿಯಾದ ದ್ವೀಪಗಳವರಿಗೂ ಜಪಾನಿನ ಐನು ಜನಕ್ಕೂ ಹತ್ತಿರ ಎಂದಿತು.

ಮರುವರ್ಷ, 2015ರ ಜೂನಿನಲ್ಲಿ, ಕೋಪನ್‌ಹೇಗನ್ನಿನ ಎಸ್ಕೆ ವಿಲ್ಲರ್‌ಸ್ಲೆವ್ ಅವರ ತಂಡ ಆತನ ಕೈಮೂಳೆಯ ಚೂರಿನಿಂದ ಡಿಎನ್‌ಎ ಓದಿತು. ಕೋಲ್ವಿಲ್ ಜನ ಹೋಲಿಸಿ ನೋಡಲು ತಮ್ಮ ಡಿಎನ್‌ಎ ಕೊಟ್ಟರು. ಉಳಿದ ನಾಲ್ಕು ಬುಡಕಟ್ಟುಗಳು ಕೊಡಲಿಲ್ಲ. ಉತ್ತರ ಬಂತು: ಆತ ಜಗತ್ತಿನ ಬೇರೆ ಯಾವ ಜನಕ್ಕಿಂತಲೂ ಅಮೆರಿಕದ ಮೂಲನಿವಾಸಿಗಳಿಗೇ ಹತ್ತಿರ. ಹೋಲಿಸಿ ನೋಡಿದವರಲ್ಲಿ ಅತಿ ಹತ್ತಿರದವರ ಸಾಲಿನಲ್ಲಿ ಕೋಲ್ವಿಲ್ ಜನರೇ ಇದ್ದರು.

ಅಜ್ಜಿ 1996ರಲ್ಲಿ ಹೇಳಿದ್ದನ್ನು ಯಂತ್ರ 2015ರಲ್ಲಿ ಹೇಳಿತು. 2017ರ ಫೆಬ್ರವರಿ 18ರಂದು ಐದು ಬುಡಕಟ್ಟುಗಳ ಇನ್ನೂರಕ್ಕೂ ಹೆಚ್ಚು ಜನ ಸೇರಿ ಆತನನ್ನು ಗುಟ್ಟಾದ ಒಂದು ಜಾಗದಲ್ಲಿ ಹೂಳಿದರು. ಎರಡು ದಶಕ ಪೆಟ್ಟಿಗೆಯಲ್ಲಿ ಕಾದಿದ್ದ ಮೂಳೆಗೆ ಒಂದು ಹಿಡಿ ಮಣ್ಣು ಸಿಕ್ಕಿತು.

*

ಇವನೊಬ್ಬನ ಕಥೆ ಮಾತ್ರ ಅಲ್ಲ. ಬೇರೆ ಬೇರೆ ಮೂಳೆಗಳು ಸೇರಿ ಒಂದು ದೊಡ್ಡ ಕಥೆ ಹೇಳುತ್ತಿವೆ.

ಮೊಂಟಾನಾ ರಾಜ್ಯದಲ್ಲಿ 1968ರಲ್ಲಿ ಸಿಕ್ಕ ಒಂದು ಗಂಡುಕೂಸು. ಎರಡು ವರ್ಷವೂ ತುಂಬಿರಲಿಲ್ಲ. ಸುಮಾರು 12,700 ವರ್ಷದ ಹಿಂದೆ ಅದನ್ನು ಹೂಳಿದವರು ಕೆಂಪು ಜಾಜು ಬಳಿದು, ನೂರಕ್ಕೂ ಹೆಚ್ಚು ಕಲ್ಲಿನ ಮತ್ತು ಕೊಂಬಿನ ಹತಾರ ಜೊತೆಗಿಟ್ಟಿದ್ದರು. ಇನ್ನೂ ನೆಟ್ಟಗೆ ನಡೆಯಲು ಬಾರದ ಕೂಸಿಗೆ ಬೇಟೆಯ ಹತಾರ! ಅಪ್ಪ ಅವ್ವನ ಸಂಕಟ ಎಷ್ಟಿದ್ದಿರಬೇಕು. ಆ ಹತಾರಗಳನ್ನು ಮಾಡುತ್ತಿದ್ದ ಜನರನ್ನು ಕ್ಲೋವಿಸ್ ಜನ ಅನ್ನುತ್ತಾರೆ. ಅವರು ಹಿಮದ ಅಂಚು ಹಿಡಿದು ಯುರೋಪಿನಿಂದ ಬಂದವರು ಎಂದು ಕೆಲವರು ವಾದಿಸುತ್ತಿದ್ದರು. 2014ರಲ್ಲಿ ಕೂಸಿನ ಡಿಎನ್‌ಎ ಆ ವಾದಕ್ಕೆ ಗುಂಡಿ ತೋಡಿತು. ಇಂದಿನ ಮೂಲನಿವಾಸಿಗಳಲ್ಲಿ ಬಹುಪಾಲು ಜನ ಆ ಕೂಸಿನ ಬಳಗದ ಸಂತತಿ. ಅದೇ ವರ್ಷ ಜೂನಿನಲ್ಲಿ ಆ ಕೂಸು ಮಣ್ಣಿಗೆ ಮರಳಿತು.

ನೆವಾಡಾದ ಸ್ಪಿರಿಟ್ ಕೇವ್ ಗುಹೆಯಲ್ಲಿ 1940ರಲ್ಲಿ ಸಿಕ್ಕವನು ಮೊಲದ ತೊಗಲಿನ ಕಂಬಳಿ ಹೊದ್ದು, ಆಪಿನ ಚಾಪೆ ಸುತ್ತಿಕೊಂಡು, ಕಾಲಿಗೆ ತೊಗಲಿನ ಮೆಟ್ಟು ಹಾಕಿಕೊಂಡು ಮಲಗಿದ್ದ. 10,000 ವರ್ಷಕ್ಕೂ ಹಳಬ. ಫಾಲನ್ ಪೈಯೂಟ್-ಶೋಶೋನಿ ಜನ ನಮ್ಮವನು ಎಂದರು, ಸರ್ಕಾರ ಒಪ್ಪಲಿಲ್ಲ. ಇಲ್ಲೂ ಬುರುಡೆಯ ಅಳತೆಯೇ ಅಡ್ಡ ಬಂದಿತ್ತು. ಡಿಎನ್‌ಎ ಓದಿದ ಮೇಲೆ 2016ರಲ್ಲಿ ಹಿಂದಿರುಗಿಸಿದರು. 2018ರಲ್ಲಿ ಹೂಳಿದರು.

ಮೆಕ್ಸಿಕೋದ ಯುಕಟಾನ್‌ನಲ್ಲಿ, ನೀರು ತುಂಬಿದ ಗುಹೆಯ ತಳದಲ್ಲಿ 2007ರಲ್ಲಿ ಮುಳುಗುಗಾರರಿಗೆ ಹದಿನೈದು ಹದಿನಾರರ ಹುಡುಗಿಯೊಬ್ಬಳ ಮೂಳೆ ಸಿಕ್ಕಿತು. 'ನಾಯಿಯಾ' ಅಂತ ಹೆಸರಿಟ್ಟರು. 12,000 ವರ್ಷಕ್ಕೂ ಹಿಂದೆ, ಗುಹೆ ಒಣಗಿದ್ದ ಕಾಲದಲ್ಲಿ, ಕತ್ತಲಲ್ಲಿ ಬಿದ್ದು ಸತ್ತವಳು. ಅವಳ ಮುಖದ ಆಕಾರವೂ ಇಂದಿನವರ ಹಾಗಿಲ್ಲ, ಆದರೆ ತಾಯಿಯಿಂದ ಬಂದ ಡಿಎನ್‌ಎ ಮೂಲನಿವಾಸಿಗಳದೇ. ಈ ಅಧ್ಯಯನದ ಮುಂದಾಳು ಯಾರು ಗೊತ್ತೇ? ಕೆನೆವಿಕ್ ಮನುಷ್ಯನ ಬುರುಡೆ ಮೊದಲು ನೋಡಿದ ಅದೇ ಜೇಮ್ಸ್ ಚಾಟರ್ಸ್. ಜನ ಬೇರೆಯಲ್ಲ, ಕಾಲಕ್ರಮೇಣ ಮುಖದ ಆಕಾರ ಬದಲಾಗಿದೆ ಎಂದು 2014ರಲ್ಲಿ ಅವರೇ ಹೇಳಿದರು. ತಪ್ಪನ್ನು ತಿದ್ದಿಕೊಳ್ಳೋದು ವಿಜ್ಞಾನದ ದೊಡ್ಡತನ. ನಮ್ಮ ಶಾಸ್ತ್ರಗಳಿಗೆ ಆ ಅಭ್ಯಾಸವಿಲ್ಲ.

ಬ್ರೆಜಿಲ್ಲಿನ ಲಾಗೋವಾ ಸಾಂತಾ ಬಳಿ 1970ರ ದಶಕದಲ್ಲಿ ಸಿಕ್ಕ ಲೂಸಿಯಾಳ ಕಥೆಯೂ ಇದೇ. 11,000 ವರ್ಷಕ್ಕೂ ಹಳೆಯ ಹೆಂಗಸು. ಬುರುಡೆ ನೋಡಿ ಅವಳಿಗೆ ಆಫ್ರಿಕದ ಹೆಂಗಸಿನ ಮುಖ ಮಾಡಿ ನಿಲ್ಲಿಸಿದರು. ಮೊದಲು ಬಂದವರು ಬೇರೆ, ಆಮೇಲೆ ಬಂದವರು ಬೇರೆ ಅಂದರು. 2018ರಲ್ಲಿ ಅದೇ ಪ್ರದೇಶದ ಹಳೇ ಮೂಳೆಗಳ ಡಿಎನ್‌ಎ ಓದಿದಾಗ ಅವರೂ ಮೂಲನಿವಾಸಿಗಳ ಬಳಗದವರೇ ಎಂದಾಯಿತು. ಅದೇ ವರ್ಷ ಸೆಪ್ಟೆಂಬರ್ 2ರ ರಾತ್ರಿ ರಿಯೊ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಬೆಂಕಿ ಬಿದ್ದು ಲೂಸಿಯಾಳೂ ಉರಿದಳು. ಬೂದಿ ಜಾಲಾಡಿ ಅವಳ ಬುರುಡೆಯ ಹೆಚ್ಚಿನ ಚೂರುಗಳನ್ನು ಆಮೇಲೆ ಹೆಕ್ಕಿದರು. ಅಷ್ಟು ಸಾವಿರ ವರ್ಷ ಮಣ್ಣು ಕಾಪಾಡಿದ್ದನ್ನು ಗಾಜಿನ ಪೆಟ್ಟಿಗೆ ಐವತ್ತು ವರ್ಷವೂ ಕಾಪಾಡಲಿಲ್ಲ.

ಇವನ್ನೆಲ್ಲ ಕೂಡಿಸಿದರೆ ಕಥೆ ಹೀಗೆ: ಸೈಬೀರಿಯಾದ ಬೈಕಲ್ ಸರೋವರದ ಬಳಿ 24,000 ವರ್ಷದ ಹಿಂದೆ ಸತ್ತ ಒಬ್ಬ ಪುಟ್ಟ ಹುಡುಗನ ಮೂಳೆ ಇದೆ. ಅವನ ಬಳಗವೂ ಪೂರ್ವ ಏಷ್ಯಾದ ಜನರೂ ಕೂಡಿ ಹುಟ್ಟಿದ ಜನವೇ ಅಮೆರಿಕದ ಮೊದಲಿಗರ ಹಿರಿಯರು. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಆ ಹುಡುಗನ ಬಳಗದ್ದು. ಸಮುದ್ರ ಇಳಿದಿದ್ದ ಆ ಹಿಮಯುಗದಲ್ಲಿ ಏಷ್ಯಾಕ್ಕೂ ಅಲಾಸ್ಕಕ್ಕೂ ನೆಲದ ಸೇತುವೆ ಇತ್ತು. ಅಲಾಸ್ಕದಲ್ಲಿ 11,500 ವರ್ಷದ ಹಿಂದೆ ಹೂಳಿದ್ದ ಎಳೆ ಹೆಣ್ಣುಕೂಸೊಂದು ಆ ಜನದ ಒಂದು ಹಳೇ ಕವಲನ್ನು ತೋರಿಸಿಕೊಟ್ಟಿತು. ಅಲ್ಲಿನ ಜನ ಅದಕ್ಕೆ ಸೂರ್ಯೋದಯದ ಕೂಸು ಎಂಬ ಅರ್ಥದ ಹೆಸರಿಟ್ಟರು. ದಕ್ಷಿಣಕ್ಕೆ ಇಳಿದವರು ಬಹಳ ಬೇಗ ಇಡೀ ಖಂಡ ಹರಡಿದರು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಹಳೇ ಕೆರೆಯಂಗಳದ ಕೆಸರಿನಲ್ಲಿ ಹುಡುಗರ, ಮಕ್ಕಳ ಹೆಜ್ಜೆಗುರುತು ಸಿಕ್ಕಿವೆ. 2021ರಲ್ಲಿ ಬಂದ ವರದಿ ಅವಕ್ಕೆ 21,000ದಿಂದ 23,000 ವರ್ಷ ಕೊಡುತ್ತದೆ. ಕಥೆ ಇನ್ನೂ ಹಿಂದಕ್ಕೆ ಹೋಗುತ್ತಿದೆ.

*

ಈಗ ನಮ್ಮ ಮಾತು. ನಮ್ಮ ಜಾತಿ ಸರ್ಟಿಫಿಕೇಟಿನಲ್ಲಿ 'ಆದಿ ಕರ್ನಾಟಕ' ಅಂತ ಇದೆ. ಆದಿ ಅಂದರೆ ಮೊದಲು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ನಮ್ಮ ಹಿರೀಕರು ಬೈಗುಳದ ಹೆಸರು ಕಿತ್ತೆಸೆದು ಈ ಹೆಸರು ತೊಟ್ಟರು. ಅದಕ್ಕೇ 'ಮೊದಲು ಬಂದವರು ಯಾರು' ಎಂಬ ಪ್ರಶ್ನೆ ಎಲ್ಲಿ ಎದ್ದರೂ ನಮ್ಮ ಕಿವಿ ನಿಮಿರುತ್ತದೆ. ಕೆನೆವಿಕ್ ಕಥೆ ಓದಿದ ಮೊದಲ ದಿನ ನಮಗೂ ಗೆದ್ದ ಖುಷಿ. ನೋಡಿ, ಮೂಳೆ ನಿಜ ಹೇಳಿತು!

ಆಮೇಲೆ ನಿದ್ದೆ ಬರಲಿಲ್ಲ. ಡಿಎನ್‌ಎ ಬೇರೆ ಏನಾದರೂ ಹೇಳಿದ್ದರೆ? ಆತ ಐನು ಜನದವನೇ ಆಗಿದ್ದರೆ, ಉಮಟಿಲ್ಲಾ ಜನರಿಂದ ಕಿತ್ತುಕೊಂಡ ನದಿ ದಡ ನ್ಯಾಯ ಆಗಿಬಿಡುತ್ತಿತ್ತೇ? ನಾಲ್ಕು ಬುಡಕಟ್ಟುಗಳು ರಕ್ತ ಕೊಡದೆ ಇದ್ದದ್ದು ಅಂಜಿಕೆ ಅಂತ ನಾವು ಮೊದಲು ತಿಳಿದಿದ್ದೆವು. ಈಗ ಹಾಗನ್ನಿಸುವುದಿಲ್ಲ. ತಮ್ಮ ಹಿರಿಯನನ್ನು ಹೂಳುವ ಹಕ್ಕಿಗೆ ರಕ್ತದ ರಶೀದಿ ಯಾಕೆ ತೋರಿಸಬೇಕು?

ಅಳೆಯುವ ಆ ಟೇಪು ನಮ್ಮಲ್ಲಿಗೂ ಬಂದಿತ್ತು. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲೆ ಭಾರತದ ಜನರ ಮೂಗು ಅಳೆಸಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂಬ ಸಿದ್ಧಾಂತ ಕಟ್ಟಿದ. ಮದ್ರಾಸಿನಲ್ಲಿ ಎಡ್ಗರ್ ಥರ್ಸ್‌ಟನ್ ಅದೇ ಕೆಲಸ ಮಾಡಿದ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರು ಯಾರು ಎಂಬ ತಮ್ಮ ಪುಸ್ತಕದಲ್ಲಿ ಇಂಥ ಮೂಗಿನ ಅಳತೆಗಳನ್ನೇ ತೆಗೆದುಕೊಂಡು, ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ ಎಂದು ತೋರಿಸಿ ಆ ಸಿದ್ಧಾಂತದ ಮೂಗು ಕೊಯ್ದರು. ನಾವು ಬೇರೆ ಜನಾಂಗ, ಮೊದಲ ಜನಾಂಗ, ಅದಕ್ಕೇ ನಮಗೆ ಹಕ್ಕು ಎಂಬ ಸುಲಭದ ದಾರಿ ಅವರ ಮುಂದೆ ಇತ್ತು. ಅವರು ಅದನ್ನು ಹಿಡಿಯಲಿಲ್ಲ. ಮನುಷ್ಯನಾಗಿರುವುದೇ ಹಕ್ಕಿಗೆ ಸಾಕು ಎಂಬ ಕಷ್ಟದ ದಾರಿ ಹಿಡಿದರು.

ಹಾಗಂತ ವಿಜ್ಞಾನ ಬೇಡವೇ? ನಮ್ಮ ಓರಗೆಯ ಕೆಲವರು ಹಾಗೇ ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ಅಕ್ಷರ ಸಿಕ್ಕಿದ್ದೇ ನಮ್ಮ ತಲೆಮಾರಿಗೆ. ಅದನ್ನು ಬಿಸಾಡಿ ಯಾರ ಮನೆ ತುಂಬಿಸೋಣ? ಸೈಬೀರಿಯಾದಿಂದ ಬಂದರು ಎಂಬ ಮಾತು ಅಲ್ಲಿನ ಕೆಲವು ಹಿರಿಯರಿಗೆ ಹಿಡಿಸುವುದಿಲ್ಲ. ನಾವು ಎಂದೆಂದಿಗೂ ಇಲ್ಲಿಯವರೇ ಅನ್ನುತ್ತಾರೆ. ನಮಗೆ ಡಿಎನ್‌ಎ ಹೇಳಿದ್ದೇ ಸರಿ ಕಾಣುತ್ತದೆ. ಆದರೆ ಇಪ್ಪತ್ತು ಸಾವಿರ ವರ್ಷ ಒಂದು ನೆಲದಲ್ಲಿ ಸತ್ತವರನ್ನು ಹೂಳುತ್ತ ಬಂದವರು 'ಎಂದೆಂದಿಗೂ' ಅಂದರೆ ಅದನ್ನು ಸುಳ್ಳು ಅನ್ನುವ ಬಾಯಿ ನಮಗಿಲ್ಲ.

ಬೇರೆ ದಾರಿ ಇದೆ ಎನ್ನುವುದಕ್ಕೆ ಸಾಕ್ಷಿಯೂ ಇದೆ. ಕೆನೆವಿಕ್ ಬುರುಡೆ ಸಿಕ್ಕ ಅದೇ 1996ರ ಜುಲೈನಲ್ಲಿ ಅಲಾಸ್ಕದ ಒಂದು ದ್ವೀಪದ ಗುಹೆಯಲ್ಲಿ 10,000 ವರ್ಷಕ್ಕೂ ಹಳೆಯ ಒಬ್ಬ ಯುವಕನ ಮೂಳೆ ಸಿಕ್ಕಿತು. ಪುರಾತತ್ವದವರು ಅಳತೆಗೆ ಮುಂಚೆ ಅಲ್ಲಿನ ಟ್ಲಿಂಗಿಟ್ ಜನರ ಹತ್ತಿರ ಹೋದರು. ಹಿರಿಯರು ಕೂತು ಮಾತಾಡಿದರು. ಈ ಹಿರೀಕ ನಮಗೆ ಏನೋ ಕಲಿಸಲು ಬಂದಿದ್ದಾನೆ, ಪರೀಕ್ಷೆ ಮಾಡಿ, ನಮಗೂ ತಿಳಿಸಿ, ಮತ್ತೆ ನಮಗೆ ಕೊಡಿ ಎಂದರು. ಸಮುದ್ರದ ಊಟ ಉಂಡು ಬೆಳೆದವನು ಅಂತ ತಿಳಿಯಿತು, ಡಿಎನ್‌ಎ ಓದಿದರು, ಶುಕಾ ಕಾ ಎಂದು ಹೆಸರಿಟ್ಟರು. 2008ರಲ್ಲಿ ಹಾಡು ಹೇಳಿ ಹೂಳಿದರು. ಕೋರ್ಟಿಲ್ಲ, ವಕೀಲರಿಲ್ಲ. ಕೆನೆವಿಕ್‌ನಲ್ಲಿ ಇಪ್ಪತ್ತು ವರ್ಷ ಹಿಡಿದ ಜಗಳಕ್ಕೂ ಇದಕ್ಕೂ ವ್ಯತ್ಯಾಸ ಒಂದೇ: ಇಲ್ಲಿ ಮೊದಲು ಕೇಳಿದರು. ಹಾಗೆ ಕೇಳಲೇಬೇಕು, ಒಪ್ಪಿಗೆ ಇಲ್ಲದೆ ಮೂಳೆಯನ್ನು ಪ್ರದರ್ಶಿಸಬಾರದು, ಪರೀಕ್ಷಿಸಬಾರದು ಎಂಬ ನಿಯಮ ಅಮೆರಿಕದಲ್ಲಿ 2024ರ ಜನವರಿಯಲ್ಲಿ ಜಾರಿಗೆ ಬಂತು.

ತಾತ ಓದಿದವನಲ್ಲ. ಗುಂಡಿಯಲ್ಲಿ ಸಿಕ್ಕ ಮೂಳೆ ಯಾವ ಕಾಲದ್ದು, ಗಂಡೋ ಹೆಣ್ಣೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಾವು ಓದಿದವರು. ಆ ಪ್ರಶ್ನೆಗಳನ್ನು ಕೇಳಬೇಕು, ಉತ್ತರವನ್ನೂ ಹುಡುಕಬೇಕು. ಆದರೆ ಗುದ್ದಲಿ ಎತ್ತುವ ಮುಂಚೆ ತಲೆಯ ಟವೆಲು ಬಿಚ್ಚಬೇಕು ಅನ್ನೋದನ್ನ ನಮಗೆ ಯಾವ ಯೂನಿವರ್ಸಿಟಿಯೂ ಹೇಳಿಕೊಡಲಿಲ್ಲ.